ಬಾರ್ಡರ್‌ನಲ್ಲಿ ನಿಂತವರ ತಟ್ಟೆ

"ಮೇಡಂ, ಯಾವ ಪುಡಿ ತಗೊಂಡ್ರೆ ಒಳ್ಳೇದು?" ಮೈಸೂರಿನ ನನ್ನ ಪುಟ್ಟ ಕ್ಲಿನಿಕ್ಕಿಗೆ ಲ್ಯಾಬ್ ರಿಪೋರ್ಟು ಹಿಡಿದು ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಇದನ್ನೇ. ಕೆಲವರು ಪುಡಿಯನ್ನೂ ಜೊತೆಗೇ ತಂದಿರುತ್ತಾರೆ. ಮೆಂತ್ಯದ್ದು, ನೇರಳೆ ಬೀಜದ್ದು, ಒಣಗಿಸಿದ ಹಾಗಲಕಾಯಿಯದ್ದು, ಯಾರೋ ನೆಂಟರು ಕಟ್ಟಿಕೊಟ್ಟ ಹೆಸರಿಲ್ಲದ ಪೊಟ್ಟಣ. "ನಾನು ಏನನ್ನ ಕಡಿಮೆ ಮಾಡ್ಲಿ?" ಅಂತ ಕೇಳಿಕೊಂಡು ಬರುವವರು ಅಪರೂಪ.

ಡಯಟೀಷಿಯನ್ ಆಗಿ ನಾನು ಕಂಡುಕೊಂಡಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆ ಬಾರದಂತೆ ತಡೆಯುವುದರಲ್ಲಿ ಹೊಸದಾಗಿ ಸೇರಿಸುವ ವಸ್ತುವಿನ ಪಾಲು ಸಣ್ಣದು. ದಿನಾ ತಿನ್ನುವುದರ ಅಳತೆ ಬದಲಿಸುವುದರ ಪಾಲು ಬಹಳ ದೊಡ್ಡದು. ಪುಡಿ ಸೇರಿಸುವುದು ಸುಲಭ, ಯಾರ ಮನಸ್ಸಿಗೂ ನೋವಾಗುವುದಿಲ್ಲ. ಅನ್ನ ತೆಗೆಯಿರಿ ಎಂದರೆ ಮನೆಯಲ್ಲಿ ಸಣ್ಣ ಜಗಳವೇ ಶುರುವಾಗುತ್ತದೆ. ಆ ಜಗಳವನ್ನು ತಪ್ಪಿಸಿಕೊಳ್ಳುವುದಕ್ಕೇ ನಮ್ಮ ಜನ ಪುಡಿಯ ಹಿಂದೆ ಹೋಗುತ್ತಾರೇನೋ ಎಂದು ಎಷ್ಟೋ ಸಲ ಅನ್ನಿಸಿದೆ.

ಬಾರ್ಡರ್ ಅಂದರೆ ಎಷ್ಟು?

ಜನ 'ಬಾರ್ಡರ್' ಎನ್ನುವುದಕ್ಕೆ ವೈದ್ಯರು ಪ್ರೀ-ಡಯಾಬಿಟಿಸ್ ಎನ್ನುತ್ತಾರೆ. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 100ರಿಂದ 125 ಇದ್ದರೆ ಬಾರ್ಡರ್. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದಾಗ 140ರಿಂದ 199 ಬಂದರೂ ಬಾರ್ಡರ್. 'ಮೂರು ತಿಂಗಳ ಶುಗರ್' ಎಂದು ಎಲ್ಲರೂ ಕರೆಯುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಾದರೆ 5.7ರಿಂದ 6.4. ಖಾಲಿ ಹೊಟ್ಟೆಯಲ್ಲಿ 126, ಗ್ಲೂಕೋಸ್ ಕುಡಿದ ಮೇಲೆ 200, ಎಚ್‌ಬಿಎ1ಸಿ 6.5 ಮುಟ್ಟಿದರೆ ಅದು ಕಾಯಿಲೆಯ ಲೆಕ್ಕ. ಅದನ್ನು ಖಚಿತ ಮಾಡಲು ವೈದ್ಯರು ಸಾಮಾನ್ಯವಾಗಿ ಇನ್ನೊಂದು ಸಲ ಪರೀಕ್ಷೆ ಮಾಡಿಸುತ್ತಾರೆ.

ಈ ನಡುವಿನ ಜಾಗದಲ್ಲಿ ಎಷ್ಟು ಜನ ನಿಂತಿದ್ದಾರೆ ಗೊತ್ತೇ? ದೇಶದ ಎಲ್ಲ ರಾಜ್ಯಗಳಲ್ಲೂ ನಡೆದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ, ಬಾರ್ಡರ್‌ನಲ್ಲಿ ಇರುವವರು 13.6 ಕೋಟಿ. ಕಾಯಿಲೆ ಬಂದವರಿಗಿಂತ ಬರುವ ಹಾದಿಯಲ್ಲಿರುವವರೇ ಹೆಚ್ಚು. ಬಾರ್ಡರ್‌ನಲ್ಲಿ ಸುಸ್ತಿಲ್ಲ, ಬಾಯಾರಿಕೆಯಿಲ್ಲ, ರಾತ್ರಿ ಏಳುವುದಿಲ್ಲ. ಹೀಗಾಗಿ ಹೆಚ್ಚಿನವರಿಗೆ ತಾವು ಅಲ್ಲಿದ್ದೇವೆ ಎನ್ನುವುದೇ ತಿಳಿದಿರುವುದಿಲ್ಲ. ಹರ್ನಿಯಾ ಆಪರೇಷನ್‌ಗೋ ವಿಮೆಗೋ ರಕ್ತ ಕೊಟ್ಟಾಗ ಸಿಕ್ಕಿಬೀಳುತ್ತಾರೆ.

"ನಾನು ಸಣ್ಣಗಿದ್ದೀನಲ್ಲ ಮೇಡಂ?"

ಈ ಮಾತು ಕೇಳಿದಾಗೆಲ್ಲ ನಾನು ಒಂದು ಫೋಟೋದ ಕತೆ ಹೇಳುತ್ತೇನೆ. 2004ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವಿಜ್ಞಾನಿಗಳು ಅಕ್ಕಪಕ್ಕ ನಿಂತ ಚಿತ್ರ ಬಂತು. ಒಬ್ಬರು ಪುಣೆಯ ಡಾ. ಸಿ. ಎಸ್. ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಡಾ. ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕ ಹೇಳುವ ಬಿಎಂಐ ಇಬ್ಬರದೂ 22.3. ನೋಡಲು ಇಬ್ಬರೂ ತೆಳ್ಳಗಿದ್ದವರೇ. ಆದರೆ ಮೈಯಲ್ಲಿದ್ದ ಕೊಬ್ಬು ಅಳೆದಾಗ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಹೊರಗೆ ಸಪೂರ, ಒಳಗೆ ಕೊಬ್ಬು, ಸ್ನಾಯು ಕಡಿಮೆ. ಇದು ನಮ್ಮ ಭಾಗದ ಜನರ ಮೈಕಟ್ಟು.

ಇದರಿಂದೇನು ಎಂದರೆ, ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯ ಬಹುಪಾಲನ್ನು ಒಳಗೆ ಎಳೆದುಕೊಳ್ಳಬೇಕಾದದ್ದು ಸ್ನಾಯು. ಸ್ನಾಯುವನ್ನು ಮನೆಯ ಕಣಜ ಅಂದುಕೊಳ್ಳಿ. ಕಣಜ ಚಿಕ್ಕದಿದ್ದು ಬೆಳೆ ಮಾತ್ರ ಮೊದಲಿನಷ್ಟೇ ಬಂದರೆ ಧಾನ್ಯ ಅಂಗಳದಲ್ಲಿ ಉಳಿಯುತ್ತದೆ. ಹಾಗೆ ಉಳಿದ ಸಕ್ಕರೆ ಕೊಬ್ಬಾಗಿ ಈಲಿಗೆ, ಹೊಟ್ಟೆಯ ಒಳಭಾಗಕ್ಕೆ ಹೋಗಿ ಸೇರುತ್ತದೆ. ಈಲಿಯಲ್ಲಿ ಕೊಬ್ಬು ತುಂಬಿದಂತೆ ಇನ್ಸುಲಿನ್ ಮಾತು ಕೇಳಿಸುವುದು ಕಡಿಮೆಯಾಗುತ್ತದೆ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ವರ್ಷಗಟ್ಟಲೆ ಸುರಿಸಿ ದಣಿಯುತ್ತದೆ. ಸ್ಕ್ಯಾನಿಂಗ್ ವರದಿಯಲ್ಲಿ 'ಫ್ಯಾಟಿ ಲಿವರ್ ಗ್ರೇಡ್ 1' ಎಂದು ಬಂದಿದ್ದನ್ನು "ಅದೆಲ್ಲರಿಗೂ ಇರತ್ತೆ ಬಿಡಿ" ಎಂದು ಮಡಚಿಡುವವರಿಗೆ ನಾನು ಇದನ್ನು ಬಿಡಿಸಿ ಹೇಳುವುದುಂಟು.

ಹಾಗಾಗಿ ನಮ್ಮವರಿಗೆ ಅಳತೆಯೂ ಬೇರೆ. ಬಿಎಂಐ 23 ದಾಟಿದರೇ ತೂಕ ಹೆಚ್ಚು ಎಂದು ಲೆಕ್ಕ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಟೈಲರ್ ಟೇಪನ್ನು ಹೊಕ್ಕಳಿನ ಮಟ್ಟದಲ್ಲಿ ಸುತ್ತಿ, ಉಸಿರು ಬಿಗಿಹಿಡಿಯದೆ ನೋಡಿಕೊಳ್ಳಿ. ಪ್ಯಾಂಟಿನ ಅಳತೆ ನಂಬಬೇಡಿ. ಅದನ್ನು ಎಲ್ಲರೂ ಹೊಟ್ಟೆಯ ಕೆಳಗೆ ಹಾಕಿಕೊಂಡಿರುತ್ತಾರೆ.

ಈ ಕತೆ ಹುಟ್ಟಿಗೂ ಮುಂಚೆಯೇ ಶುರುವಾಗುತ್ತದೆ ಎನ್ನುವುದಕ್ಕೆ ನಮ್ಮ ಮೈಸೂರಿನಲ್ಲೇ ಪುರಾವೆ ಇದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟ ದಾಖಲೆಗಳನ್ನು ಜೋಪಾನ ಮಾಡಿತ್ತು. ಹಾಗೆ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಗಿಡ್ಡಗೆ ಗುಂಡುಗುಂಡಾಗಿದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರಿಗೆ ಹುಟ್ಟಿದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು. ಬಸಿರಿಯಾಗಿದ್ದಾಗ ಶುಗರ್ ಬಂದು ಹೆರಿಗೆಯಾದ ಮೇಲೆ ಸರಿಹೋಯಿತು ಎಂದು ಮರೆತುಬಿಡುವ ಹೆಣ್ಣುಮಕ್ಕಳಿಗೆ ನಾನು ಒತ್ತಿ ಹೇಳುವುದಿಷ್ಟು: ನೀವೇ ಎಲ್ಲರಿಗಿಂತ ಮುಂಚೆ ಎಚ್ಚರವಾಗಬೇಕಾದವರು, ಪರೀಕ್ಷೆ ಬಿಡಬೇಡಿ.

ತಕ್ಕಡಿಯ ಮೇಲೆ ಅನ್ನ

ನನ್ನ ಮೇಜಿನ ಮೇಲೆ ಒಂದು ಸ್ಟೀಲ್ ತಟ್ಟೆ, ಅನ್ನದ ಕೈ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಇರುತ್ತದೆ. ಮಧ್ಯಾಹ್ನ ಬರುವವರಿಗೆ ನಮ್ಮ ಮನೆಯ ಅನ್ನದ ಡಬ್ಬಿಯನ್ನೇ ಮುಂದಿಟ್ಟು, "ಮನೇಲಿ ಹೇಗೆ ಬಡಿಸ್ಕೊತೀರೋ ಹಾಗೇ ಹಾಕ್ಕೊಳ್ಳಿ" ಎನ್ನುತ್ತೇನೆ. ಈಚೆಗೆ ಒಬ್ಬ ನಿವೃತ್ತ ಕಂಡಕ್ಟರ್ ಬಂದಿದ್ದರು. ಎಚ್‌ಬಿಎ1ಸಿ 6.1. "ನಾನು ಜಾಸ್ತಿ ತಿನ್ನಲ್ಲ ಕಣಮ್ಮ, ಎರಡೇ ಸಲ ಹಾಕಿಸ್ಕೊಳ್ಳೋದು" ಅಂದರು. ಸಾರಿಗೆ ಒಂದು ಸಲ, ಮೊಸರಿಗೆ ಒಂದು ಸಲ. ಅವರು ನಾಚಿಕೆಯಿಂದಲೇ ಹಾಕಿಕೊಂಡ ಎರಡು ಸಲದ ಅನ್ನ ತೂಗಿದರೆ 400 ಗ್ರಾಂ.

ಬೆಂದ ಅನ್ನ 100 ಗ್ರಾಂನಲ್ಲಿ ಹತ್ತಿರಹತ್ತಿರ 28 ಗ್ರಾಂ ಪಿಷ್ಟ ಇರುತ್ತದೆ. ಆ ತಟ್ಟೆಯಲ್ಲಿದ್ದದ್ದು ಸುಮಾರು 110 ಗ್ರಾಂ. ಜೀರ್ಣವಾದ ಮೇಲೆ ಅದೆಲ್ಲ ಗ್ಲೂಕೋಸೇ. ಐದು ಗ್ರಾಂ ಹಿಡಿಸುವ ಟೀ ಚಮಚದಲ್ಲಿ ಅಳೆದರೆ ಇಪ್ಪತ್ತಕ್ಕೂ ಹೆಚ್ಚು ಚಮಚ. ಕಾಫಿಗೆ ಸಕ್ಕರೆ ಬಿಟ್ಟು ವರ್ಷಗಳಾದವು ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದ ಅವರು ತಕ್ಕಡಿಯನ್ನೇ ನೋಡುತ್ತ ಕೂತರು. "ಹಂಗಾದ್ರೆ ಏನ್ ತಿನ್ನೋದು?" ಅಂದರು. ಇದು ಸರಿಯಾದ ಪ್ರಶ್ನೆ.

ಐಸಿಎಂಆರ್-ಇಂಡಿಯಾಬ್ ತಂಡವೇ 2025ರಲ್ಲಿ ಪ್ರಕಟಿಸಿದ ಆಹಾರ ಸಮೀಕ್ಷೆಯ ಪ್ರಕಾರ ಭಾರತೀಯರು ತಿನ್ನುವ ಕ್ಯಾಲೊರಿಯಲ್ಲಿ ಸುಮಾರು ಶೇ. 62 ಬರುವುದು ಪಿಷ್ಟ, ಸಕ್ಕರೆಗಳಿಂದ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಧಾನ್ಯಗಳ ಪಾಲು ಶೇ. 45ರ ಆಸುಪಾಸಿನಲ್ಲಿರಲಿ ಎನ್ನುತ್ತದೆ. ಈ ಅಂತರವನ್ನು ತುಂಬಬೇಕಾದದ್ದು ಕಾಳು, ಬೇಳೆ, ಮೊಸರು, ಮೊಟ್ಟೆ, ಮೀನು, ತರಕಾರಿ. ದಿನದ ಕ್ಯಾಲೊರಿಯಲ್ಲಿ ಬರೀ ಶೇ. 5ರಷ್ಟನ್ನು ಪಿಷ್ಟದಿಂದ ಬೇಳೆಕಾಳಿನ ಅಥವಾ ಹಾಲು-ಮೊಸರಿನ ಪ್ರೋಟೀನಿಗೆ ಬದಲಿಸಿದರೂ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆ ಎಂದು ಅದೇ ಸಮೀಕ್ಷೆ ತೋರಿಸಿತು.

"ಬೇಳೆ ದಿನಾ ತಿಂತೀವಲ್ಲ" ಎನ್ನುತ್ತಾರೆ. ನಾಲ್ಕು ಜನರ ಮನೆಯ ತಿಳಿಸಾರಿಗೆ ಬೀಳುವ ತೊಗರಿಬೇಳೆ 100 ಗ್ರಾಂ ಅಂದುಕೊಳ್ಳಿ. ತಲೆಗೆ 25 ಗ್ರಾಂ, ಅದರಲ್ಲಿ ಪ್ರೋಟೀನ್ ಐದಾರು ಗ್ರಾಂ. 60 ಕಿಲೋ ತೂಕದವರಿಗೆ ದಿನಕ್ಕೆ 50 ಗ್ರಾಂ ಬೇಕು. ಸಾರು ಗಟ್ಟಿಯಾಗಬೇಕು, ಅನ್ನ ಅದರಲ್ಲಿ ನೆನೆಯುವಷ್ಟಿದ್ದರೆ ಸಾಕು. ಹುರುಳಿ ಬಸ್ಸಾರು ಮಾಡಿದ ದಿನ ಬಸಿದ ಕಾಳನ್ನು ಒಂದು ಚಮಚ ಪಲ್ಯವಾಗಿ ಬಡಿಸದೆ ಬಟ್ಟಲು ತುಂಬ ಹಾಕಿ. ಅವರೆಕಾಳಿನ ಕಾಲದಲ್ಲಿ ಹಿತಕಿದ ಬೇಳೆ ಹುಳಿಗೆ ಮುದ್ದೆ ಚಿಕ್ಕದಿರಲಿ. ಹೆಸರುಬೇಳೆ ಕೋಸಂಬರಿ ಹಬ್ಬಕ್ಕೇ ಕಾಯಬೇಕಿಲ್ಲ.

ಕೋಸಂಬರಿಯ ಮಾತು ಬಂತಲ್ಲ, ಬಾಳೆ ಎಲೆಯ ಊಟ ನೆನಪಿಸಿಕೊಳ್ಳಿ. ಕೋಸಂಬರಿ, ಪಲ್ಯ ಮೊದಲು ಬರುತ್ತವೆ, ಅನ್ನ ಆಮೇಲೆ. ಈಗಿನ ಅಧ್ಯಯನಗಳು ಹೇಳುವುದೂ ಅದನ್ನೇ. ತರಕಾರಿ, ಕಾಳು ಮೊದಲು ತಿಂದು ಅನ್ನ ಕೊನೆಗೆ ತಿಂದರೆ ಊಟದ ನಂತರ ಶುಗರ್ ಅಷ್ಟು ಮೇಲೆ ಏರುವುದಿಲ್ಲ. ಆದರೆ ನಾವು ಎಲೆಯ ಮುಂದೆ ಅನ್ನ ಬರುವ ತನಕ ಕೈಕಟ್ಟಿ ಕೂರುತ್ತೇವೆ, ಪಲ್ಯವನ್ನು ಅನ್ನಕ್ಕೆ ನಂಜಿಕೊಳ್ಳುತ್ತೇವೆ.

ಕಂಡಕ್ಟರ್ ಅವರಿಗೆ ನಾನು ಬರೆದುಕೊಟ್ಟಿದ್ದು ಇಷ್ಟೇ: ತಟ್ಟೆಯ ಅರ್ಧ ಭಾಗ ಸೊಪ್ಪು, ಪಲ್ಯ, ಹಸಿ ತರಕಾರಿ. ಉಳಿದದ್ದರಲ್ಲಿ ಅರ್ಧ ಕಾಳು ಅಥವಾ ಮೊಟ್ಟೆ, ಇನ್ನರ್ಧಕ್ಕೆ 150 ಗ್ರಾಂ ಅನ್ನ. ಎರಡನೆಯ ಸಲದ ಅನ್ನದ ಬದಲು ಮೊಸರನ್ನು ಬಟ್ಟಲಲ್ಲಿ ಹಾಗೇ ಕುಡಿಯಿರಿ. ಮೊಸರನ್ನ ಬೇಕೇಬೇಕೆಂದರೆ ಸಾರಿನ ಅನ್ನ ಬಿಡಿ. ಆಯ್ಕೆ ನಿಮ್ಮದು.

ಮುದ್ದೆ, ಸಿರಿಧಾನ್ಯ, ಬೆಲ್ಲ: ಮೂರು ನಂಬಿಕೆಗಳು

ಮಂಡ್ಯ, ಹಾಸನದ ಕಡೆಯಿಂದ ಬರುವವರು ಮುದ್ದೆಯ ಬಗ್ಗೆ ನಿಶ್ಚಿಂತರು. "ರಾಗಿ ತಿಂದವನಿಗೆ ರೋಗವಿಲ್ಲ ಅಂತಾರಲ್ಲ." ರಾಗಿ ಒಳ್ಳೆಯ ಧಾನ್ಯವೇ. ನಾರಿದೆ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಆದರೆ ಅದರಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಒಂದು ದೊಡ್ಡ ಮುದ್ದೆಗೆ 100 ಗ್ರಾಂ ಹಿಟ್ಟು ಹಿಡಿಯುತ್ತದೆ. ಉಳುವವರಿಗೆ ಎರಡು ಮುದ್ದೆ ನ್ಯಾಯ. ಕಂಪ್ಯೂಟರ್ ಮುಂದೆ ಕೂರುವ ಅವರ ಮಗನಿಗೆ ಒಂದು ಚಿಕ್ಕ ಮುದ್ದೆ, ಮೇಲೆ ಅನ್ನ ಬೇಡ. ಹಿಟ್ಟನ್ನು ನುಣ್ಣಗೆ ಬೀಸಿ, ಜರಡಿ ಹಿಡಿದು, ಹೊಟ್ಟು ಎಸೆದರೆ ರಾಗಿಯ ಅರ್ಧ ಗುಣ ಜರಡಿಯಲ್ಲೇ ಉಳಿಯುತ್ತದೆ. ಹಾಲು, ಬೆಲ್ಲ ಹಾಕಿದ ರಾಗಿ ಗಂಜಿಗಿಂತ ಉಪ್ಪು, ಮಜ್ಜಿಗೆ ಬೆರೆಸಿದ ಅಂಬಲಿ ಮೇಲು.

ಸಿರಿಧಾನ್ಯದ ಅಲೆ ನಮ್ಮೂರಲ್ಲಿ ಜೋರಾಗಿಯೇ ಇದೆ. ನವಣೆ, ಸಾಮೆ, ಹಾರಕ, ಊದಲು, ಕೊರಲೆ ತಿನ್ನುವವರಿಗೆ ನಾನು ಬೇಡ ಎನ್ನುವುದಿಲ್ಲ. 11 ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ 2021ರಲ್ಲಿ ಪ್ರಕಟವಾದ ಪರಿಶೀಲನೆಯೊಂದು, ನಿತ್ಯ ಸಿರಿಧಾನ್ಯ ತಿಂದ ಸಕ್ಕರೆ ಕಾಯಿಲೆಯವರಲ್ಲಿ ಖಾಲಿ ಹೊಟ್ಟೆಯ ಶುಗರ್ ಶೇ. 12ರವರೆಗೆ, ಊಟದ ನಂತರದ್ದು ಶೇ. 15ರವರೆಗೆ ಇಳಿದಿತ್ತು ಎಂದಿತು. ಆದರೆ ಮೇಲೆ ಹೇಳಿದ 2025ರ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿ ಇದೆ. ಪಿಷ್ಟದ ಒಟ್ಟು ಪ್ರಮಾಣ ಇಳಿಸದೆ, ಪಾಲಿಶ್ ಮಾಡಿದ ಧಾನ್ಯದ ಜಾಗಕ್ಕೆ ಇಡೀ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ತಂದಷ್ಟರಿಂದಲೇ ಅಪಾಯ ಕಡಿಮೆಯಾದದ್ದು ಕಾಣಲಿಲ್ಲ. ಎರಡನ್ನೂ ಸೇರಿಸಿ ಓದಿದರೆ ಬರುವ ಅರ್ಥ ಸರಳ. ಧಾನ್ಯ ಬದಲಿಸಿ, ಅಳತೆಯನ್ನೂ ಇಳಿಸಿ. ಸಾಮೆ ಬಿಸಿಬೇಳೆಬಾತ್‌ನ್ನು ಎರಡೆರಡು ಸಲ ಹಾಕಿಸಿಕೊಂಡರೆ ಸಾಮೆ ಏನೂ ಮಾಡಲಾರದು.

ಇನ್ನು ಬೆಲ್ಲ. ಮಂಡ್ಯದ ಆಲೆಮನೆಯ ಬೆಲ್ಲವಾದರೂ ಅದರ ಬಹುಪಾಲು ಸಕ್ಕರೆಯೇ. ಸಕ್ಕರೆ ಬಿಟ್ಟು ಬೆಲ್ಲದ ಕಾಫಿ ಕುಡಿಯುವವರು ಬಿಟ್ಟದ್ದು ಏನನ್ನೂ ಅಲ್ಲ. ಜೇನುತುಪ್ಪಕ್ಕೂ ಇದೇ ಮಾತು. ದಿನಕ್ಕೆ ಐದು ಕಾಫಿ, ಒಂದೊಂದಕ್ಕೆ ಎರಡು ಚಮಚ ಎಂದರೆ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ. ಹಣ್ಣನ್ನು ಅಗಿದು ತಿನ್ನಿ, ಜ್ಯೂಸ್ ಮಾಡಬೇಡಿ. ಸಂಜೆ ಬೇಕರಿಯ ಖಾರಾ ಬನ್ನು ಸಿಹಿಯಿಲ್ಲ ಎಂಬ ಸಮಾಧಾನ ಬೇಡ, ಅದು ಮೈದಾ. ಆ ಹೊತ್ತಿಗೆ ಹುರಿಗಡಲೆ, ಕಡಲೆಕಾಯಿ, ಉಸಲಿ ಇದ್ದರೆ ರಾತ್ರಿಯ ಊಟವೂ ಹಿಡಿತದಲ್ಲಿರುತ್ತದೆ.

ಕೆರೆ ಏರಿಯ ವಾಕಿಂಗು, ಆಮೇಲಿನ ದೋಸೆ

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ಅರ್ಧ ಮೈಸೂರು ಸಿಗುತ್ತದೆ. ಒಂದು ಗಂಟೆ ಮಾತಾಡುತ್ತ ನಡೆದು, ಗುಂಪುಗುಂಪಾಗಿ ಹೋಟೆಲಿಗೆ ಹೋಗಿ ಬೆಣ್ಣೆ ಹಾಕಿದ ಮಸಾಲೆ ದೋಸೆ, ಕಾಫಿ ಮುಗಿಸಿ ಮನೆಗೆ ಹೋಗುವವರನ್ನು ನಾನು ಚೆನ್ನಾಗಿ ಬಲ್ಲೆ. ಮೆಲ್ಲಗೆ ಒಂದು ಗಂಟೆ ನಡೆದರೆ ಕರಗುವುದು ಇನ್ನೂರು, ಇನ್ನೂರೈವತ್ತು ಕ್ಯಾಲೊರಿ. ದೋಸೆಯಲ್ಲಿ ಅದಕ್ಕಿಂತ ಹೆಚ್ಚಿದೆ. ಹಾಗೆಂದು ನಡೆಯುವುದು ವ್ಯರ್ಥವಲ್ಲ. ನಡಿಗೆಯ ನಿಜವಾದ ಲಾಭ ಕ್ಯಾಲೊರಿಯ ಲೆಕ್ಕದಲ್ಲಿಲ್ಲ.

ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಯಾವಾಗ ನಡೆಯುತ್ತೀರಿ ಎನ್ನುವುದೂ ಮುಖ್ಯ. 2013ರಲ್ಲಿ ಪ್ರಕಟವಾದ, ಚಿಕ್ಕದಾದರೂ ಕುತೂಹಲದ ಒಂದು ಅಧ್ಯಯನದಲ್ಲಿ, ಶುಗರ್ ಬರುವ ಅಪಾಯವಿದ್ದ ಹಿರಿಯರು ಪ್ರತಿ ಊಟದ ನಂತರ 15 ನಿಮಿಷ ನಡೆದಾಗ ಇಡೀ ದಿನದ ಶುಗರ್ ಹತೋಟಿ ಬೆಳಿಗ್ಗೆ ಒಂದೇ ಸಲ 45 ನಿಮಿಷ ನಡೆದಷ್ಟೇ ಚೆನ್ನಾಗಿತ್ತು. ರಾತ್ರಿ ಊಟದ ನಂತರ ಶುಗರ್ ಏರದಂತೆ ತಡೆಯುವುದರಲ್ಲಂತೂ ಊಟದ ನಂತರದ ನಡಿಗೆಯೇ ಮೇಲಾಗಿತ್ತು. ನಮ್ಮಲ್ಲಿ ರಾತ್ರಿ ಒಂಬತ್ತೂವರೆಗೆ ದೊಡ್ಡ ಊಟ, ತಕ್ಷಣ ಟಿವಿ, ಆಮೇಲೆ ಹಾಸಿಗೆ. ಬೆಳಿಗ್ಗೆ ಏಳಲಾಗದವರು ಚಿಂತಿಸಬೇಡಿ. ರಾತ್ರಿ ಊಟ ಬೇಗ ಮುಗಿಸಿ, ತಟ್ಟೆ ತೊಳೆದು, ಮನೆ ಮುಂದಿನ ರಸ್ತೆಯಲ್ಲೇ ಹತ್ತು ಹದಿನೈದು ನಿಮಿಷ ಓಡಾಡಿ.

"ಮನೆ ಕೆಲಸ ಸಾಲದೇ?" ಎನ್ನುತ್ತಾರೆ ಹೆಂಗಸರು. ಬೀಸುಕಲ್ಲು, ಒರಳು, ಬಾವಿ ಇದ್ದ ಕಾಲದಲ್ಲಿ ಸಾಕಿತ್ತು. ಈಗ ಮಿಕ್ಸಿ, ವಾಷಿಂಗ್ ಮಷೀನು, ನಲ್ಲಿ ನೀರು ಬಂದಿವೆ. ದಣಿವು ಆಗುತ್ತದೆ ನಿಜ, ಆದರೆ ಏದುಸಿರು ಬರುವ ಕೆಲಸ ಕಡಿಮೆ. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ ಬೇಕು. ಚುರುಕು ಎಂದರೆ ಮಾತಾಡಬಹುದು, ಹಾಡು ಹೇಳಲಾಗಬಾರದು.

ಅದರ ಜೊತೆಗೆ ವಾರಕ್ಕೆರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು. ಇದನ್ನು ನಮ್ಮವರು ಪೂರ್ತಿ ಮರೆತಿದ್ದಾರೆ. ಜಿಮ್ಮಿಗೆ ಹೋಗಲೇಬೇಕೆಂದಿಲ್ಲ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಅಂಗೈ ಒತ್ತಿ ದಂಡ ಹೊಡೆಯುವುದು, ನೀರಿನ ಬಾಟಲಿ ಹಿಡಿದು ತೋಳು ಎತ್ತುವುದು, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವುದು. ಮಂಡಿ ನೋವಿದ್ದವರು, ಎದೆ ನೋವು ಕಂಡವರು ವೈದ್ಯರನ್ನು ಕೇಳಿ ಶುರುಮಾಡಬೇಕು. ಯೋಗ ಮಾಡುವವರು ಸೂರ್ಯ ನಮಸ್ಕಾರವನ್ನು ಬಿಡದಿರಲಿ. ಕಣ್ಣುಮುಚ್ಚಿ ಕೂರುವ ಪ್ರಾಣಾಯಾಮವೊಂದೇ ಸ್ನಾಯು ಬೆಳೆಸದು. ಇದರ ಜೊತೆಗೆ ನಿದ್ದೆ ಏಳು ಗಂಟೆಯಾದರೂ ಇರಲಿ. ಬೀಡಿ, ಸಿಗರೇಟು ಸಕ್ಕರೆ ಕಾಯಿಲೆಯ ಅಪಾಯವನ್ನೂ ಹೆಚ್ಚಿಸುತ್ತವೆ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

ಪುಡಿ, ಕಷಾಯ, ಎಲೆ

ಎಲ್ಲ ಪುಡಿಗಳೂ ಒಂದೇ ಅಲ್ಲ. ಮೆಂತ್ಯಕ್ಕೆ ನಾನು ಗೌರವ ಕೊಡುತ್ತೇನೆ. ಅದರಲ್ಲಿ ನೀರಲ್ಲಿ ಲೋಳೆಯಾಗುವ ನಾರು ಹೇರಳವಾಗಿದೆ. ಅದು ಕರುಳಿನಲ್ಲಿ ಸಕ್ಕರೆ ಹೀರಿಕೆಯನ್ನು ನಿಧಾನ ಮಾಡುತ್ತದೆ. 2015ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ ಬಾರ್ಡರ್‌ನಲ್ಲಿದ್ದವರಿಗೆ ಮೂರು ವರ್ಷ ದಿನಕ್ಕೆ 10 ಗ್ರಾಂ ಮೆಂತ್ಯ, ಎರಡು ಹೊತ್ತು ಊಟಕ್ಕೆ ಮೊದಲು, ಕೊಟ್ಟರು. ಮೆಂತ್ಯ ತೆಗೆದುಕೊಳ್ಳದವರಲ್ಲಿ ಕಾಯಿಲೆಗೆ ದಾಟುವ ಸಾಧ್ಯತೆ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಆದರೆ ಅದು ನೂರನಲವತ್ತು ಜನರ ಪುಟ್ಟ ಅಧ್ಯಯನ. ಅದನ್ನೇ ಕೊನೆಯ ಮಾತು ಎನ್ನಲಾಗದು. 10 ಗ್ರಾಂ ಎಂದರೆ ಎರಡು ಚಮಚ ಕಾಳು. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರಿನ ಜೊತೆ ಕಾಳನ್ನೂ ಅಗಿದು ನುಂಗಬೇಕು. ಬರೀ ನೀರು ಕುಡಿದು ಕಾಳು ಎಸೆದರೆ ನಾರೂ ಅದರ ಜೊತೆ ಹೋಯಿತು. ಬಸುರಿಯರು ಇಷ್ಟು ತಿನ್ನುವುದು ಬೇಡ.

ಹಾಗಲಕಾಯಿ, ದಾಲ್ಚಿನ್ನಿ ಎರಡರ ಮೇಲೂ ನಡೆದ ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯವರು 2012ರಲ್ಲಿ ಒಟ್ಟಾಗಿ ಪರಿಶೀಲಿಸಿ, ಸಕ್ಕರೆ ಕಾಯಿಲೆಗೆ ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಎಂದರು. ಹಾಗಲಕಾಯಿ ಗೊಜ್ಜು, ಪಲ್ಯ ಧಾರಾಳವಾಗಿ ತಿನ್ನಿ, ತರಕಾರಿಯಾಗಿ ಅದು ಒಳ್ಳೆಯದೇ. ಲೋಟಗಟ್ಟಲೆ ರಸ ಬೇಡ. ಶುಗರ್ ಮಾತ್ರೆ ನುಂಗುತ್ತಿರುವವರು ಇಂಥ ರಸ, ಪುಡಿ ಜೊತೆಗೂಡಿಸಿದರೆ ಶುಗರ್ ತೀರಾ ಇಳಿದು ತಲೆಸುತ್ತು ಬರಬಹುದು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ದಪ್ಪ ಚಕ್ಕೆ ಕ್ಯಾಸಿಯಾ ಜಾತಿಯದ್ದು. ಅದರಲ್ಲಿರುವ ಕೂಮರಿನ್ ಎಂಬ ರಾಸಾಯನಿಕ ಹೆಚ್ಚಾದರೆ ಈಲಿಗೆ ಕೆಟ್ಟದ್ದು. ಪಲಾವಿಗೆ ಹಾಕುವಷ್ಟು ಸರಿ, ಚಮಚಗಟ್ಟಲೆ ಪುಡಿ ದಿನಾ ಬೇಡ.

ಮಧುನಾಶಿನಿ ಎಲೆ ಅಗಿದು ನೋಡಿ, ಆಮೇಲೆ ಸಕ್ಕರೆ ಬಾಯಿಗಿಟ್ಟರೆ ಮರಳಿನಂತಿರುತ್ತದೆ. ನಾಲಗೆಯ ಸಿಹಿ ಗ್ರಹಿಕೆಯನ್ನು ಅದು ಸ್ವಲ್ಪ ಹೊತ್ತು ತಡೆಯುತ್ತದೆ, ಅದಂತೂ ನಿಜ. ರಕ್ತದ ಸಕ್ಕರೆಯ ವಿಚಾರದಲ್ಲಿ ಅಷ್ಟು ಗಟ್ಟಿಯಾದ ಪುರಾವೆ ಇಲ್ಲ. ಕುಂಡದಲ್ಲಿ ಬೆಳೆಸುವ 'ಇನ್ಸುಲಿನ್ ಗಿಡ'ದಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಹೊಟ್ಟೆಯಲ್ಲಿ ಅದು ಬೇಳೆಯ ಪ್ರೋಟೀನಿನಂತೆ ಅರಗಿಹೋಗುತ್ತಿತ್ತು. ವಿಟಮಿನ್ ಡಿ ಮಾತ್ರೆಯನ್ನೂ ಪರೀಕ್ಷಿಸಿದ್ದಾರೆ. ಬಾರ್ಡರ್‌ನಲ್ಲಿದ್ದ 2,423 ಜನರ ಮೇಲೆ ಅಮೆರಿಕದಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಕಾಯಿಲೆಯನ್ನು ಖಚಿತವಾಗಿ ತಡೆಯಿತು ಎನ್ನುವಷ್ಟು ವ್ಯತ್ಯಾಸ ಕಾಣಲಿಲ್ಲ. ಕೊರತೆ ಇದ್ದವರು ಮೂಳೆಗಾಗಿ ತೆಗೆದುಕೊಳ್ಳಲಿ.

ನನಗೆ ಭಯವಿರುವುದು ಹೆಸರಿಲ್ಲದ ಪೊಟ್ಟಣಗಳ ಬಗ್ಗೆ. ಇಂಟರ್ನೆಟ್‌ನಲ್ಲಿ ಮಾರುವ ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. 'ಗಿಡಮೂಲಿಕೆ' ಮಾತ್ರೆಯೊಳಗೆ ಅಲೋಪಥಿಯ ಶುಗರ್ ಔಷಧಿಯನ್ನೇ ಬೆರೆಸಿ ಸಿಕ್ಕಿಬಿದ್ದ ಪ್ರಕರಣಗಳೂ ಉಂಟು. ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಹಾಗೆ ಬರೆದ ಡಬ್ಬಿ ಕಂಡರೆ ಅದನ್ನು ಕೊಳ್ಳದಿರಲು ಆ ಬರಹವೇ ಕಾರಣ ಸಾಕು. ಆಯುರ್ವೇದ ಬೇಕೆನ್ನುವವರು ಓದಿದ ವೈದ್ಯರ ಬಳಿ ಹೋಗಲಿ, ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಅವರಿಗೆ ತೋರಿಸಲಿ.

ತಡೆದರೆ ಸಿಗುವುದೇನು?

ಇಷ್ಟೆಲ್ಲ ಮಾಡಿದರೆ ನಿಜಕ್ಕೂ ತಡೆಯಬಹುದೇ? ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾರ್ಡರ್‌ನಲ್ಲಿದ್ದ 531 ಜನರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಸಲಹೆ ಮಾತ್ರ. ಮೂರು ವರ್ಷದಲ್ಲಿ ಅವರಲ್ಲಿ ಶೇ. 55 ಜನರಿಗೆ ಕಾಯಿಲೆ ಬಂತು. ಊಟ ಬದಲಿಸಿ, ದಿನಾ ಅರ್ಧ ಗಂಟೆ ನಡೆದವರ ಗುಂಪಿನಲ್ಲಿ ಅದು ಶೇ. 39. ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲೂ ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ಸೇರಿಸಿದರೂ ಹೆಚ್ಚಿನ ಲಾಭ ಬರಲಿಲ್ಲ. ಗಮನಿಸಬೇಕಾದ ಮಾತೆಂದರೆ, ಊಟ ಬದಲಿಸಿ ನಡೆದ ಗುಂಪಿನವರ ತೂಕ ಇಳಿದಿರಲಿಲ್ಲ. ತೂಕದ ಯಂತ್ರದ ಮೇಲೆ ಏನೂ ಕಾಣದೆ ಬೇಸರಪಟ್ಟು ಬಿಟ್ಟುಬಿಡುವವರು ಇದನ್ನು ನೆನಪಿಡಬೇಕು.

ಅಂದರೆ ಎಲ್ಲ ಮಾಡಿದ ಮೇಲೂ ನೂರರಲ್ಲಿ 39 ಜನಕ್ಕೆ ಬಂತು. ಅಪ್ಪ ಅಮ್ಮನಿಂದ ಬಂದದ್ದು, ಬಸಿರಿನಲ್ಲೇ ಬರೆದಿದ್ದು ನಮ್ಮ ಕೈಯಲ್ಲಿಲ್ಲ. ಅಂಥವರು ಸೋತರು ಎಂದು ನಾನು ಒಪ್ಪುವುದಿಲ್ಲ. ಚೀನಾದ ದಾಚಿಂಗ್ ನಗರದಲ್ಲಿ 1986ರಲ್ಲಿ ಇಂಥದೇ ಪ್ರಯೋಗ ಶುರುವಾಯಿತು. ಆರು ವರ್ಷ ಊಟ, ವ್ಯಾಯಾಮ ಸರಿಪಡಿಸಿಕೊಂಡವರನ್ನು ಮೂವತ್ತು ವರ್ಷ ಹಿಂಬಾಲಿಸಿ ನೋಡಿದರು. ಬಹಳ ಜನಕ್ಕೆ ಕೊನೆಗೂ ಕಾಯಿಲೆ ಬಂತು. ಆದರೆ ಸರಾಸರಿ ನಾಲ್ಕು ವರ್ಷ ತಡವಾಗಿ. ಹೃದಯಾಘಾತ, ಪಾರ್ಶ್ವವಾಯುಗಳಂಥವು ಕಾಲುಭಾಗದಷ್ಟು ಕಡಿಮೆಯಾಗಿದ್ದವು. ಅವರು ಉಳಿದವರಿಗಿಂತ ಹೆಚ್ಚು ಕಾಲ ಬದುಕಿದರು ಕೂಡ.

ಮೂವತ್ತು ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಶುಗರ್ ತಪಾಸಣೆ ಉಚಿತ. ಅಪ್ಪನಿಗೋ ಅಮ್ಮನಿಗೋ ಕಾಯಿಲೆ ಇದ್ದರೆ ತಡಮಾಡಬೇಡಿ. ಬಾರ್ಡರ್ ಎಂದು ಬಂದರೆ ವರ್ಷಕ್ಕೊಮ್ಮೆಯಾದರೂ ಮತ್ತೆ ನೋಡಿಸಿ. ಗಂಡನ ರಿಪೋರ್ಟು ತಂದು ಬರೆಸಿಕೊಂಡು ಹೋಗುವ ಹೆಂಡತಿಯರಿಗೆ ನಾನು ಕೊನೆಗೆ ಕೇಳುವುದು, "ನಿಮ್ಮದು ನೋಡಿಸಿದ್ದೀರಾ?" ಎಂದು. ಎಲ್ಲರಿಗೂ ಬಡಿಸಿ, ಮೂರು ಗಂಟೆಗೆ, ಪಲ್ಯ ಮುಗಿದ ಮೇಲೆ, ಎಸೆಯಬಾರದೆಂದು ಉಳಿದ ಅನ್ನವನ್ನೆಲ್ಲ ತಿನ್ನುವವರು ಅವರೇ. ಒಬ್ಬರಿಗೆಂದು ಬೇರೆ ಪಥ್ಯದ ಅಡುಗೆ ಮಾಡುವ ಮನೆಯಲ್ಲಿ ಆ ಪಥ್ಯ ತಿಂಗಳೊಪ್ಪತ್ತಿನಲ್ಲಿ ನಿಂತುಹೋಗುತ್ತದೆ. ಕಾಳು ಹೆಚ್ಚು, ಅನ್ನ ಕಡಿಮೆ ಎನ್ನುವುದು ಇಡೀ ಮನೆಯ ಅಡುಗೆಯಾದರೆ ಗಂಡ, ಹೆಂಡತಿ, ಬೆಳೆಯುತ್ತಿರುವ ಮಕ್ಕಳು, ಎಲ್ಲರ ತಟ್ಟೆಯೂ ಒಟ್ಟಿಗೇ ಬದಲಾಗುತ್ತದೆ. ನಾಳೆ ಅಕ್ಕಿ ಅಳೆಯುವಾಗ ಒಂದು ಹಿಡಿ ಡಬ್ಬಕ್ಕೇ ವಾಪಸು ಹಾಕಿ, ಒಂದು ಹಿಡಿ ಹೆಸರುಕಾಳು ನೆನೆಸಿ. ಶುರುಮಾಡಲು ಅಷ್ಟು ಸಾಕು.